ಮನೆ ಮಗನಿಗೊಂದು ನೇಮಕಾತಿ ಪತ್ರ

2025ರ ಬಕ್ರೀದ್ ಕಳೆದು ಹದಿನೈದು ದಿನಗಳಾಗಿದ್ದವು. ನಮ್ಮೂರಿನ ಮಸೀದಿಯ ಕಮಿಟಿ ಕೋಣೆಯಲ್ಲಿ ಒಂದು ಪಂಚಾಯಿತಿ ಸೇರಿತು. ಒಂದು ಕಡೆ ಬಸ್ ನಿಲ್ದಾಣದ ಹತ್ತಿರ ಬೇಕರಿ ಇಟ್ಟಿರುವ ಸೇಠರು. ಇನ್ನೊಂದು ಕಡೆ ಆ ಬೇಕರಿಯಲ್ಲಿ ಆರು ವರ್ಷ ದುಡಿದ ಇಪ್ಪತ್ತೈದರ ಹುಡುಗ ಮತ್ತು ಹಳ್ಳಿಯಿಂದ ಬಂದಿದ್ದ ಅವನ ತಾಯಿ. ಹಿಟ್ಟು ಕಲಸುವ ಮಿಷನ್ನಿಗೆ ಸಿಕ್ಕಿ ಅವನ ಬಲಗೈಯ ನಾಲ್ಕು ಬೆರಳುಗಳು ಹೋಗಿದ್ದವು. ಹೆಬ್ಬೆರಳು ಮಾತ್ರ ಉಳಿದಿತ್ತು. "ನೀವು ನಾಲ್ಕಕ್ಷರ ಬಲ್ಲವರು, ಕಥೆ ಬರೆಯುವವರು, ಬನ್ನಿ" ಎಂದು ಕಮಿಟಿಯವರು ನಮ್ಮನ್ನೂ ಕರೆಸಿದ್ದರು. ನಾವು ಹೋದೆವು, ಕುಳಿತೆವು, ಅವರು ಕೊಟ್ಟ ಚಹಾ ಕುಡಿದೆವು.

ಸೇಠರು ಕೆಟ್ಟವರಲ್ಲ. ಹುಡುಗನನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋದವರೇ ಅವರು. ಬಿಲ್ಲನ್ನೂ ಕಟ್ಟಿದ್ದರು. ಮಾತಾಡುವಾಗ ಅವರ ಕಣ್ಣಲ್ಲಿ ನೀರು ಬಂತು. "ನೀವೇ ಹೇಳಿ ಭಾಯ್, ಇವನನ್ನು ನಾನು ಕೆಲಸದವನ ತರಹ ನೋಡಿದ್ದೀನಾ? ಮನೆ ಮಗನ ಹಾಗೆ ಇಟ್ಟುಕೊಂಡಿದ್ದೆ. ನಮ್ಮ ಮನೆಯಲ್ಲಿ ಏನು ಅಡುಗೆಯೋ ಇವನಿಗೂ ಅದೇ" ಎಂದರು. ಹುಡುಗ ತಲೆ ತಗ್ಗಿಸಿದ. ಅವನ ತಾಯಿ, "ಹೌದು ಸಾಬರೇ, ಊಟಕ್ಕೆ ಎಂದೂ ಕಡಿಮೆ ಮಾಡಿಲ್ಲ" ಎಂದಳು. ಕೊನೆಗೆ ನಲವತ್ತು ಸಾವಿರ ರೂಪಾಯಿ ಕೊಡುವುದೆಂದು ತೀರ್ಮಾನವಾಯಿತು. ಛಾಪಾ ಕಾಗದ ಬಂತು. ಇಂಥ ಊರಿನ ಇಂಥವರ ಮಗ ಇಂಥವನು, ಇಂಥ ಬೇಕರಿಯಲ್ಲಿ ಆರು ವರ್ಷಗಳಿಂದ ತಿಂಗಳಿಗೆ ಹನ್ನೆರಡು ಸಾವಿರಕ್ಕೆ ಕೆಲಸ ಮಾಡುತ್ತಿದ್ದವನು, ಈ ಹಣ ಪಡೆದ ಮೇಲೆ ತನಗೆ ಇನ್ನಾವ ಹಕ್ಕೂ ತಕರಾರೂ ಇಲ್ಲವೆಂದು ಒಪ್ಪಿದ್ದಾನೆ ಎಂದು ಬರೆಯಲಾಯಿತು. ಏಳನೆಯ ತರಗತಿ ಓದಿದ ಆ ಹುಡುಗನಿಗೆ ಸಹಿ ಮಾಡಲು ಬರುತ್ತಿತ್ತು. ಆದರೆ ಪೆನ್ನು ಹಿಡಿಯುವ ಬೆರಳುಗಳೇ ಇರಲಿಲ್ಲ. ಎಡಗೈ ಹೆಬ್ಬೆಟ್ಟು ಒತ್ತಿದ. ಕೆಳಗೆ ಎರಡನೆಯ ಸಾಕ್ಷಿಯಾಗಿ ನಾವು ಸಹಿ ಹಾಕಿದೆವು. ಮೌಲ್ವಿಗಳು ದುಆ ಮಾಡಿದರು. ಎಲ್ಲರೂ ಆಮೀನ್ ಎಂದೆವು.

ಮನೆಗೆ ಬಂದ ಮೇಲೆ ಒಂದು ಮಾತು ನಮ್ಮನ್ನು ಕೊರೆಯತೊಡಗಿತು. ಆರು ವರ್ಷಗಳಲ್ಲಿ ಆ ಹುಡುಗನ ಪೂರ್ತಿ ಹೆಸರು ಬರೆದ ಮೊದಲ ಕಾಗದ ಅದು. ಹಾಜರಿ ಪುಸ್ತಕವಿರಲಿಲ್ಲ, ನೇಮಕಾತಿ ಪತ್ರವಿರಲಿಲ್ಲ, ಸಂಬಳ ಚೀಟಿ ಇರಲಿಲ್ಲ. ಅವನಿಗಾಗಿ ನಾವು ಬರೆದ ಮೊಟ್ಟಮೊದಲ ಕಾಗದವೇ, ಅವನಿಗೆ ಏನೂ ಬರಬೇಕಾಗಿಲ್ಲ ಎಂಬ ಕಾಗದ!

ಈ ಲೇಖನ ಆ ಬೇಕರಿಯ ಬಗ್ಗೆ ಅಲ್ಲ. ಇಂಥ ಬೇಕರಿ ಎಲ್ಲ ಊರಿನಲ್ಲೂ ಇದೆ. ಗ್ಯಾರೇಜು, ವೆಲ್ಡಿಂಗ್ ಶಾಪು, ಬಟ್ಟೆ ಅಂಗಡಿ, ಬಿರಿಯಾನಿ ಹೋಟೆಲು, ಹಣ್ಣಿನ ಮಂಡಿ, ಚಪ್ಪಲಿ ಅಂಗಡಿ, ಫರ್ನಿಚರ್ ಕಾರ್ಖಾನೆ, ರೇಷ್ಮೆ ನೂಲು ಬಿಚ್ಚುವ ಘಟಕ, ಎಲ್ಲೆಡೆ ಇದೇ ಕಥೆ. ಮಾಲೀಕರು ಮುಸಲ್ಮಾನರೇ ಇರಬೇಕೆಂದಿಲ್ಲ. ಶೆಟ್ಟರ ಅಂಗಡಿಯಲ್ಲೂ ಗೌಡರ ಹೋಟೆಲಿನಲ್ಲೂ 'ಮನೆ ಮಗ' ಇದ್ದಾನೆ. ಆದರೆ ಬೇರೆಯವರ ಅಂಗಳದ ಕಸ ತೋರಿಸುವ ಮೊದಲು ನಮ್ಮ ಅಂಗಳ ಗುಡಿಸುವುದು ನ್ಯಾಯ.

ಮೊದಲು ಈ 'ಮನೆ ಮಗ' ಎಂಬ ಮಾತನ್ನೇ ತೆಗೆದುಕೊಳ್ಳೋಣ. ಕೇಳಲು ಎಷ್ಟು ಇಂಪಾದ ಮಾತು! ಆದರೆ ಮಗನಾಗಿದ್ದರೆ ಅವನಿಗೆ ಆಸ್ತಿಯಲ್ಲಿ ಪಾಲಿರಬೇಕು. ಕೆಲಸಗಾರನಾಗಿದ್ದರೆ ಹಾಜರಿ ಪುಸ್ತಕದಲ್ಲಿ ಹೆಸರಿರಬೇಕು. ಎರಡರಲ್ಲೂ ಇಲ್ಲದವನು ಯಾರು? ರಾತ್ರಿ ಹನ್ನೊಂದಕ್ಕೆ ಶಟರ್ ಎಳೆಯುವಾಗ ಅವನು ಮಗ. ಮಗನಿಗೆ ಓವರ್‌ಟೈಮ್ ಕೊಡುವವರುಂಟೆ? ಸಂಬಳ ಹೆಚ್ಚಿಸಿ ಎಂದು ಬಾಯಿಬಿಟ್ಟ ದಿನ ಮಾತ್ರ ಅವನು 'ಕೆಲಸದವನು'. ಪಕ್ಕದ ಅಂಗಡಿಗೆ ಹೋದರೆ ಅಂದಿನಿಂದ 'ನಮಕ್ ಹರಾಮ್'. ಈ ನಂಟಿನಲ್ಲಿ ಪ್ರೀತಿ ಇಲ್ಲವೆಂದು ನಾವು ಹೇಳುವುದಿಲ್ಲ. ಪ್ರೀತಿ ಇದೆ. ಆದರೆ ಆ ಪ್ರೀತಿ ಲೆಕ್ಕ ಕೇಳುವ ಬಾಯನ್ನು ಮುಚ್ಚಿಸುತ್ತದೆ. ಬಿರಿಯಾನಿಯ ತಟ್ಟೆ ಮುಂದಿಟ್ಟವರ ಎದುರು ಸಂಬಳ ಚೀಟಿ ಕೇಳುವ ಧೈರ್ಯ ಯಾವ ಹುಡುಗನಿಗೆ ಬರುತ್ತದೆ?

"ನಮ್ಮಲ್ಲಿ ಮಾತಿಗೆ ಬೆಲೆ. ಕಾಗದ-ಪತ್ರವೆಲ್ಲ ನಂಬಿಕೆ ಇಲ್ಲದವರಿಗೆ" ಎನ್ನುವುದು ಸೇಠರುಗಳ ಇನ್ನೊಂದು ಮಾತು. ಇದನ್ನು ಅವರು ದೀನಿನ ಮಾತೆಂಬಂತೆ ಹೇಳುತ್ತಾರೆ. ವಿಪರ್ಯಾಸವೆಂದರೆ ಕುರ್‌ಆನಿನ ಅತಿ ದೀರ್ಘವಾದ ವಚನ ಯಾವುದರ ಬಗ್ಗೆ ಎಂದು ಕೇಳಿದರೆ ಹೆಚ್ಚಿನವರು ಉತ್ತರಿಸಲಾರರು. ಅದು ನಮಾಜಿನ ಬಗ್ಗೆ ಅಲ್ಲ, ಉಪವಾಸದ ಬಗ್ಗೆ ಅಲ್ಲ. ಸೂರಾ ಬಕರಾದ 282ನೆಯ ಆ ವಚನ ಬರವಣಿಗೆಯ ಬಗ್ಗೆ ಇದೆ! ಅವಧಿಯಿಟ್ಟು ಸಾಲದ ವ್ಯವಹಾರ ಮಾಡಿದಾಗ ಬರೆದಿಡಬೇಕು, ಬರೆಯುವವನು ನ್ಯಾಯವಾಗಿ ಬರೆಯಬೇಕು, ಕೊಡಬೇಕಾದವನೇ ಬರೆಯಿಸಬೇಕು, ಮೊತ್ತ ಸಣ್ಣದೆಂದು ಬರೆಯಲು ಬೇಸರಿಸಬಾರದು, ಸಾಕ್ಷಿಗಳು ಕರೆದಾಗ ಹಿಂಜರಿಯಬಾರದು ಎಂದು ಒಂದೊಂದನ್ನೂ ಬಿಡಿಸಿ ಹೇಳುತ್ತದೆ. ತಿಂಗಳ ಕೊನೆಗೆ ಕೊಡುವ ಸಂಬಳ ಮೂವತ್ತು ದಿನಗಳ ಸಾಲವಲ್ಲದೆ ಮತ್ತೇನು? ಹುಡುಗ ಬೆವರನ್ನು ಮುಂಗಡವಾಗಿ ಕೊಟ್ಟಿದ್ದಾನೆ. ನಾವು ಹಣವನ್ನು ಹಿಂದಿನಿಂದ ಕೊಡುತ್ತೇವೆ. ಇಲ್ಲಿ ಸಾಲಗಾರರು ನಾವು. ಬರೆಯಿಸಬೇಕಾದವರೂ ನಾವೇ.

ಕೆಲಸಗಾರನ ಬೆವರು ಆರುವ ಮುಂಚೆ ಕೂಲಿ ಕೊಡಬೇಕೆಂಬ ಪ್ರವಾದಿ ವಚನವನ್ನು ನಮ್ಮ ಸಭೆಗಳಲ್ಲಿ ಕೇಳದವರಿಲ್ಲ. ಮೇ 1ರಂದು ಅದನ್ನು ವಾಟ್ಸ್ಆ್ಯಪ್‌ನಲ್ಲಿ ಹಂಚದವರೂ ಇಲ್ಲ. ಪೂರ್ತಿ ದುಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಕಿಯಾಮತ್ ದಿನ ಸ್ವತಃ ಅಲ್ಲಾಹನೇ ಎದುರಾಳಿಯಾಗಿ ನಿಲ್ಲುತ್ತಾನೆಂಬ ಮಾತೂ ಹದೀಸಿನಲ್ಲಿದೆ. ಮದ್ಯನ್‌ನಲ್ಲಿ ಮೂಸಾ ಅವರನ್ನು ಕೆಲಸಕ್ಕಿಟ್ಟುಕೊಂಡ ಹಿರಿಯರು ಎಂಟು ವರ್ಷ, ಬೇಕಿದ್ದರೆ ಹತ್ತು ಎಂದು ಅವಧಿಯನ್ನು ಮೊದಲೇ ಬಾಯಿಬಿಟ್ಟು ಹೇಳಿದರು. ಪ್ರವಾದಿಯವರೇ ಖದೀಜಾ ಅವರ ಸರಕನ್ನು ಕೊಂಡೊಯ್ದು ವ್ಯಾಪಾರ ಮಾಡಿ ಬಂದವರು. ಇಷ್ಟೆಲ್ಲ ನಮ್ಮ ಬಳಿ ಇದ್ದರೂ ಕೆಲಸಕ್ಕೆ ಸೇರುವ ಹುಡುಗನಿಗೆ ನಾವು ಹೇಳುವುದೇನು? "ಮೊದಲು ಕೆಲಸ ಮಾಡು, ಆಮೇಲೆ ನೋಡೋಣ."

ಭಾಷೆಯ ಮಾತೂ ಒಂದಿದೆ. ಕರಾರು, ರಸೀದಿ, ದಸ್ತಾವೇಜು, ಹಾಜರಿ, ಕೊನೆಗೆ 'ಹಕ್ಕು' ಎಂಬ ಪದ ಕೂಡ ಅರಬಿ-ಪಾರ್ಸಿಯಿಂದ ಕನ್ನಡಕ್ಕೆ ಬಂದವು. ಉರ್ದು ಶಾಲೆಯಲ್ಲಿ 'ಹಕ್' ಎಂದು ಕಲಿತದ್ದನ್ನೇ ಕನ್ನಡ ಶಾಲೆಯಲ್ಲಿ 'ಹಕ್ಕು' ಎಂದು ಮತ್ತೆ ಕಲಿತವರು ನಾವು. ಈ ಪದಗಳೆಲ್ಲ ಕನ್ನಡದ ಕಚೇರಿ ಸೇರಿದವು. ನಮ್ಮ ಗಲ್ಲಾಪೆಟ್ಟಿಗೆಯ ಹತ್ತಿರ ಮಾತ್ರ ಬರಲಿಲ್ಲ. ಅಲ್ಲಿ ಉಳಿದದ್ದು 'ಖೈರಾತ್' ಒಂದೇ. ರಂಜಾನಿನಲ್ಲಿ ಕೆಲಸದ ಹುಡುಗನಿಗೆ ಒಂದು ಜೊತೆ ಬಟ್ಟೆ, ಎರಡು ಸಾವಿರ ರೂಪಾಯಿ ಕೊಟ್ಟು ಅದನ್ನು ಝಕಾತಿನ ಲೆಕ್ಕಕ್ಕೆ ಬರೆದುಕೊಳ್ಳುವವರು ನಮಗೆ ಗೊತ್ತು. ಹುಡುಗನಿಗೆ ಸಲ್ಲಬೇಕಾದ ಸಂಬಳವನ್ನೋ ಬೋನಸ್ಸನ್ನೋ ಝಕಾತಿನಿಂದ ತೀರಿಸಿದರೆ ಅದು ಝಕಾತ್ ಆಗುವುದಿಲ್ಲವೆಂದು ಯಾವ ಆಲಿಮರನ್ನು ಕೇಳಿದರೂ ಹೇಳುತ್ತಾರೆ. ಇದರಲ್ಲಿ ಎರಡು ಕಳ್ಳತನಗಳಿವೆ: ಕೆಲಸಗಾರನಿಂದ ಒಂದು, ಬಡವರಿಂದ ಇನ್ನೊಂದು.

ಇನ್ನು ದೇಶದ ಕಾನೂನಿಗೆ ಬರೋಣ. "ಅದೆಲ್ಲ ದೊಡ್ಡ ಫ್ಯಾಕ್ಟರಿಗಳಿಗೆ, ನಮ್ಮಂಥ ಸಣ್ಣವರಿಗಲ್ಲ" ಎಂಬ ಭ್ರಮೆ ನಮ್ಮಲ್ಲಿ ಬೇರೂರಿದೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಬಂದದ್ದು 1961ರಲ್ಲಿ. ಅಂಗಡಿಯನ್ನು ನೋಂದಾಯಿಸಬೇಕು, ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಸಬಾರದು, ವಾರಕ್ಕೊಂದು ರಜೆ ಕೊಡಬೇಕು ಎಂದು ಅದು ಅಂದೇ ಬರೆದಿಟ್ಟಿತು. ಹೆಸರು, ಹುದ್ದೆ, ವೇತನ, ಷರತ್ತುಗಳನ್ನು ನಮೂದಿಸಿದ ನೇಮಕಾತಿ ಆದೇಶವನ್ನು ಸೇರಿದ 30 ದಿನಗಳೊಳಗೆ ಕೊಡಬೇಕೆಂಬ ಕಲಮನ್ನೂ ಆ ಕಾಯ್ದೆಗೆ ಸೇರಿಸಲಾಯಿತು. ಆರು ತಿಂಗಳು ಸತತ ದುಡಿದವನನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸೋ ಅದರ ಬದಲು ಸಂಬಳವೋ ಇಲ್ಲದೆ, ತೆಗೆದುಹಾಕುವಂತಿಲ್ಲ ಎಂದೂ ಅದು ಹೇಳುತ್ತದೆ. "ನಾಳೆಯಿಂದ ಬರಬೇಡ" ಎಂದು ನಾವು ಎಷ್ಟು ಸಲೀಸಾಗಿ ಹೇಳುತ್ತೇವೆ!

2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 29 ಹಳೆಯ ಕಾನೂನುಗಳನ್ನು ಅವು ಒಳಗೆ ಎಳೆದುಕೊಂಡವು. ಕಾರ್ಮಿಕ ಸಂಘಗಳು ಇವನ್ನು ವಿರೋಧಿಸಿದವು. ಆ ವಿರೋಧಕ್ಕೆ ಕಾರಣಗಳೂ ಇವೆ. ವಿದ್ಯುತ್ ಬಳಸುವ ಘಟಕದಲ್ಲಿ ಹತ್ತು ಜನರಿದ್ದರೆ ಮೊದಲು ಅದು 'ಕಾರ್ಖಾನೆ' ಎನಿಸುತ್ತಿತ್ತು. ಈಗ ಇಪ್ಪತ್ತು ಜನ ಬೇಕು. ಅಂದರೆ ಹದಿನೈದು ಜನರ ವರ್ಕ್‌ಶಾಪಿನ ಹುಡುಗರು ಕಾರ್ಖಾನೆಯ ಕಾನೂನಿನ ನೆರಳಿನಿಂದ ಹೊರಬಿದ್ದರು. ದೊಡ್ಡವರಿಗೆ ಅನುಕೂಲ ಮಾಡಿಕೊಡುವ ಕಲಮುಗಳೂ ಅವುಗಳಲ್ಲಿವೆ. ಇದನ್ನೆಲ್ಲ ಟೀಕಿಸಲೇಬೇಕು. ಆದರೆ ಸರ್ಕಾರ ಕೈ ಸಡಿಲಿಸಿದ ಜಾಗದಲ್ಲಿ ಮಾಲೀಕನ ಹೊಣೆ ಹೆಚ್ಚಬೇಕೇ ಹೊರತು ಕಡಿಮೆಯಾಗಬಾರದು.

ಅಷ್ಟೇ ಅಲ್ಲ, ಇದೇ ಸಂಹಿತೆಗಳಲ್ಲಿ ಸಣ್ಣ ಮಾಲೀಕನಿಗೂ ತಪ್ಪಿಸಿಕೊಳ್ಳಲಾಗದ ಮಾತುಗಳಿವೆ. ಕನಿಷ್ಠ ವೇತನ ಮೊದಲು ಪಟ್ಟಿಯಲ್ಲಿದ್ದ ಉದ್ಯೋಗಗಳಿಗೆ ಮಾತ್ರ ಇತ್ತು; 2019ರ ವೇತನ ಸಂಹಿತೆ ಅದನ್ನು ಎಲ್ಲ ಕೆಲಸಗಾರರ ಹಕ್ಕಾಗಿ ಮಾಡಿದೆ. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ, ದಿನಗೂಲಿ ಆಯಾ ದಿನದ ಪಾಳಿ ಮುಗಿದಾಗಲೇ ಸಲ್ಲಬೇಕು. ಇದು ಬೆವರು ಆರುವ ಮುಂಚಿನ ಲೆಕ್ಕವೇ ಅಲ್ಲವೆ? ಕೆಲಸ ಬಿಟ್ಟವನ ಅಥವಾ ಬಿಡಿಸಿದವನ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ತೀರಿಸಬೇಕು. ಹೆಚ್ಚುವರಿ ಗಂಟೆಗೆ ಎರಡರಷ್ಟು ಕೂಲಿ. ಗಾಜಿನ ಭರಣಿ ಒಡೆಯಿತೆಂದು ಸಂಬಳದಲ್ಲಿ ಮುರಿದುಕೊಳ್ಳುವ ಮುನ್ನ ಅವನ ಮಾತನ್ನು ಕೇಳಬೇಕು. ಆದ ನಷ್ಟಕ್ಕಿಂತ ಒಂದು ರೂಪಾಯಿ ಹೆಚ್ಚು ಮುರಿಯುವಂತಿಲ್ಲ. ಕಡಿಮೆ ಕೊಟ್ಟರೆ 50,000 ರೂಪಾಯಿವರೆಗೆ ದಂಡ. ಐದು ವರ್ಷದೊಳಗೆ ಮತ್ತೆ ಅದೇ ತಪ್ಪಾದರೆ ಮೂರು ತಿಂಗಳವರೆಗೆ ಜೈಲೂ ಆಗಬಹುದು. ಕೆಲಸಗಾರ ಮೂರು ವರ್ಷಗಳ ತನಕ ದೂರು ಕೊಡಬಹುದು. ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಸಂಬಳ ಬಂದಿಲ್ಲ, ಕಡಿಮೆ ಬಂದಿದೆ ಎಂದು ಅವನು ದೂರಿದರೆ, ಕೊಟ್ಟಿದ್ದೇನೆಂದು ಸಾಬೀತು ಮಾಡಬೇಕಾದವನು ಮಾಲೀಕ. ಹಾಜರಿ ಪುಸ್ತಕ ಇಡದ, ಚೀಟಿ ಕೊಡದ, ಎಲ್ಲವನ್ನೂ ನಗದಾಗಿ ಕೈಗಿಡುವ ನಮ್ಮ ಪ್ರಾಮಾಣಿಕ ಸೇಠರು ಏನನ್ನು ತೋರಿಸುತ್ತಾರೆ? ಬರೆಯದಿರುವುದು ಕೆಲಸಗಾರನಿಗೆ ಮಾತ್ರವಲ್ಲ, ಮಾಲೀಕನಿಗೂ ಮುಳುವು.

ಈಗ ಆ ನಾಲ್ಕು ಬೆರಳುಗಳ ಲೆಕ್ಕಕ್ಕೆ ಬರೋಣ. ಹತ್ತು ಅಥವಾ ಹೆಚ್ಚು ಜನರಿರುವ ಕಡೆ ಇಎಸ್‌ಐ ಕಡ್ಡಾಯ. 2019ರ ಜುಲೈಯಲ್ಲಿ ಇಳಿಸಿದ ದರದಂತೆ ಮಾಲೀಕನ ಪಾಲು ವೇತನದ ಶೇ. 3.25, ಕೆಲಸಗಾರನದು ಶೇ. 0.75. ಹನ್ನೆರಡು ಸಾವಿರದ ಸಂಬಳಕ್ಕೆ ಮಾಲೀಕ 390 ರೂಪಾಯಿ, ಹುಡುಗ 90 ರೂಪಾಯಿ. ಆ ಬೇಕರಿಯಲ್ಲಿ ಎಂಟೇ ಜನ. ಹಾಗಾಗಿ ಇಎಸ್‌ಐ ಇರಲಿಲ್ಲ. ಇಎಸ್‌ಐ ಇಲ್ಲದ ಕಡೆ ಅಪಘಾತದ ಹೊಣೆ ನೇರವಾಗಿ ಮಾಲೀಕನ ಹೆಗಲಿಗೆ ಬರುತ್ತದೆ. ಬ್ರಿಟಿಷರ ಕಾಲದ 1923ರ ಪರಿಹಾರ ಕಾಯ್ದೆ ಹೇಳಿದ್ದೂ ಅದನ್ನೇ, ಅದರ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆ ಹೇಳುವುದೂ ಅದನ್ನೇ. ಅಪಘಾತವಾದಾಗ ಜಾರಿಯಲ್ಲಿದ್ದದ್ದು 1923ರ ಕಾಯ್ದೆ. ಅದರ ಪಟ್ಟಿಯಲ್ಲಿ ಒಂದು ಕೈಯ ನಾಲ್ಕು ಬೆರಳುಗಳ ನಷ್ಟಕ್ಕೆ ಶೇ. 50ರಷ್ಟು ದುಡಿಮೆಯ ಶಕ್ತಿ ಹೋಯಿತೆಂದು ಬರೆದಿದೆ. ತಿಂಗಳ ವೇತನದ ಶೇ. 60, ಅಂದರೆ 7,200 ರೂಪಾಯಿ. ಇಪ್ಪತ್ತೈದು ವರ್ಷದವನಿಗೆ ಅದನ್ನು 216.91ರಿಂದ ಗುಣಿಸಬೇಕು. ಬರುವ 15,61,752 ರೂಪಾಯಿಯಲ್ಲಿ ಅರ್ಧ: 7,80,876. ಆಸ್ಪತ್ರೆಯ ಖರ್ಚು ಬೇರೆ. ನಾವು ಚಹಾ ಕುಡಿದು, ದುಆ ಮಾಡಿ ಕೊಡಿಸಿದ್ದು ನಲವತ್ತು ಸಾವಿರ.

ಕೋರ್ಟುಗಳು ಈ ಮಾತನ್ನು ಬಹಳ ಹಿಂದೆಯೇ ಹೇಳಿವೆ. 1968ರಲ್ಲಿ ಸಿನಿಮಾ ಮಂದಿರವೊಂದರ ಅಲಂಕಾರದ ಕೆಲಸ ಮಾಡುತ್ತಿದ್ದ ಬಡಗಿಯೊಬ್ಬ ಬಿದ್ದು ಎಡಗೈ ಕಳೆದುಕೊಂಡ. ಒಂದು ಕೈಯಲ್ಲಿ ಬಡಗಿತನ ಸಾಧ್ಯವಿಲ್ಲ, ಆದ್ದರಿಂದ ಅವನ ದುಡಿಮೆ ಪೂರ್ತಿ ಹೋದಂತೆಯೇ ಎಂದು 1975ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಪರಿಹಾರ ಸಲ್ಲಬೇಕಾದದ್ದು ಕೋರ್ಟು ಹೇಳಿದ ದಿನದಿಂದಲ್ಲ, ಗಾಯವಾದ ದಿನದಿಂದ ಎಂದೂ ಹೇಳಿತು. ಹಿಟ್ಟು ನಾದುವವನಿಗೆ ಬಲಗೈ ಬೆರಳುಗಳಿಲ್ಲದಿದ್ದರೆ ಏನು ಉಳಿಯಿತು?

"ಏಳೆಂಟು ಲಕ್ಷ ಕೊಟ್ಟರೆ ಬೇಕರಿ ಮುಚ್ಚಬೇಕಾಗುತ್ತದೆ" ಎಂದು ಸೇಠರು ಹೇಳಬಹುದು. ನಿಜ. ಆದ್ದರಿಂದಲೇ ಹತ್ತಕ್ಕಿಂತ ಕಡಿಮೆ ಜನರಿರುವ ಅಂಗಡಿಯೂ ತಾನಾಗಿ ಇಎಸ್‌ಐ ಸೇರಬಹುದೆಂದು ಹೊಸ ಸಂಹಿತೆ ದಾರಿ ಮಾಡಿಕೊಟ್ಟಿದೆ. ನೌಕರರ ಪರಿಹಾರಕ್ಕೆಂದೇ ವಿಮಾ ಕಂಪನಿಗಳ ಪಾಲಿಸಿಗಳೂ ಇವೆ. "ವಿಮೆ ಹರಾಮ್" ಎಂದು ನಮಗೆ ಹೇಳಿದವರುಂಟು. ಅವರ ಅಂಗಡಿಯ ಮುಂದೆ ನಿಂತ ಮಾರುತಿ ವ್ಯಾನಿಗೆ ವಿಮೆ ಇತ್ತು, ಯಾಕೆಂದರೆ ಪೊಲೀಸರು ಕೇಳುತ್ತಾರೆ. ವ್ಯಾನಿನ ಬಂಪರಿಗೆ ಇರುವ ರಕ್ಷಣೆ ಹುಡುಗನ ಬೆರಳಿಗೆ ಇಲ್ಲದಿದ್ದರೆ ನಮ್ಮ ಹರಾಮ್-ಹಲಾಲ್‌ಗಳ ಲೆಕ್ಕ ಎಲ್ಲೋ ತಪ್ಪಿದೆ.

ಗ್ಯಾರೇಜುಗಳದು ಇನ್ನೊಂದು ಕಥೆ. ಅಲ್ಲಿ ಉಸ್ತಾದ್, ಶಾಗಿರ್ದ್ ಎಂಬ ದೊಡ್ಡ ಹೆಸರುಗಳಿವೆ. "ಕೆಲಸ ಕಲಿಯಲು ಬಂದಿದ್ದಾನೆ, ಸಂಬಳ ಯಾಕೆ?" ಎಂಬ ಮಾತಿನ ಮರೆಯಲ್ಲಿ ಸ್ಪ್ಯಾನರ್ ಹಿಡಿಯಲೂ ಬಾರದ ವಯಸ್ಸಿನ ಮಕ್ಕಳು ಗ್ರೀಸಿನಲ್ಲಿ ಮುಳುಗಿದ್ದಾರೆ. 2016ರ ತಿದ್ದುಪಡಿಯ ನಂತರ 14 ವರ್ಷದೊಳಗಿನ ಮಗುವನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಶಾಲೆ ಮುಗಿದ ಮೇಲೆ ಸ್ವಂತ ಕುಟುಂಬದ ಕಸುಬಿಗೆ ಕೈಜೋಡಿಸುವುದಕ್ಕೆ ಸಣ್ಣ ವಿನಾಯಿತಿ ಉಂಟು. ನೆರೆಮನೆಯ ಹುಡುಗನನ್ನು 'ಮನೆ ಮಗ' ಎಂದು ಕರೆದರೆ ಆ ವಿನಾಯಿತಿ ಸಿಗುವುದಿಲ್ಲ. ತಪ್ಪಿದರೆ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು, 20ರಿಂದ 50 ಸಾವಿರದವರೆಗೆ ದಂಡ, ಅಥವಾ ಎರಡೂ. ರೇಷ್ಮೆ ಉದ್ಯಮದಲ್ಲಿ ಜೀತಕ್ಕಿದ್ದ ಮಕ್ಕಳ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ವರದಿ ಪ್ರಕಟಿಸಿದಾಗ ಅದರಲ್ಲಿ ಕರ್ನಾಟಕವೂ ಇತ್ತು. ಮುಂಗಡ ಕೊಟ್ಟು ದುಡಿಮೆಯನ್ನು ಕಟ್ಟಿಹಾಕುವುದು 1976ರ ಕಾಯ್ದೆಯಂತೆ ಜೀತವೇ. "ಅಡ್ವಾನ್ಸ್ ತೀರಿಸಿ ಹೋಗು" ಎಂದು ಇಂದಿಗೂ ಹುಡುಗನ ಆಧಾರ್ ಕಾರ್ಡನ್ನು ಗಲ್ಲಾಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವವರು ಇದನ್ನು ನೆನಪಿಡುವುದು ಒಳ್ಳೆಯದು.

ಬಟ್ಟೆ ಅಂಗಡಿಗಳಲ್ಲಿ ನಮ್ಮ ಹೆಣ್ಣುಮಕ್ಕಳು ಬೆಳಗ್ಗೆ ಹತ್ತರಿಂದ ರಾತ್ರಿ ಒಂಬತ್ತರವರೆಗೆ ನಿಂತೇ ಇರುತ್ತಾರೆ. ಕುಳಿತರೆ ಗಿರಾಕಿಗೆ ಮರ್ಯಾದೆ ಕಡಿಮೆಯಾಯಿತಂತೆ! ನೆರೆಯ ಕೇರಳದಲ್ಲಿ ಅಂಗಡಿಯ ಹೆಣ್ಣುಮಕ್ಕಳು ಹೋರಾಡಿ 2018ರಲ್ಲಿ ಕುಳಿತುಕೊಳ್ಳುವ ಹಕ್ಕನ್ನು ಕಾನೂನಿನಲ್ಲಿ ಬರೆಯಿಸಿಕೊಂಡರು. 2021ರಲ್ಲಿ ತಮಿಳುನಾಡೂ ಅದನ್ನು ಮಾಡಿತು. ಒಂದು ಸ್ಟೂಲು ಹಾಕಲು ನಾವು ಕಾನೂನಿಗೆ ಕಾಯಬೇಕೆ? ಇನ್ನು ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಹತ್ತು ಜನರಿದ್ದರೆ ಅಂಗಡಿಯಲ್ಲೇ ಆಂತರಿಕ ಸಮಿತಿ ಬೇಕು. ಹತ್ತಕ್ಕಿಂತ ಕಡಿಮೆ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಈ ಸಮಿತಿಯ ಹೆಸರನ್ನು ಗೋಡೆಗೆ ಅಂಟಿಸಿದ ಒಂದು ಬುರ್ಖಾ ಅಂಗಡಿಯನ್ನೂ ನಾವು ಕಂಡಿಲ್ಲ.

ಸಣ್ಣ ಮಾಲೀಕರ ಕಷ್ಟ ನಮಗೆ ಗೊತ್ತಿಲ್ಲವೆಂದಲ್ಲ. ಮಾಲ್‌ಗಳು ಬಂದವು, ಮೊಬೈಲಿನಲ್ಲೇ ವ್ಯಾಪಾರ ಮಾಡುವ ಕಂಪನಿಗಳು ಬಂದವು. ಬಾಡಿಗೆ ಏರಿತು, ಬ್ಯಾಂಕಿನ ಸಾಲ ನಮ್ಮ ಓಣಿಗಳಿಗೆ ಸುಲಭವಾಗಿ ಬರುವುದಿಲ್ಲ. ಕೆಲವು ಊರುಗಳಲ್ಲಿ ಬಹಿಷ್ಕಾರದ ಕರೆಗಳೂ ನಮ್ಮ ಗಲ್ಲಾಪೆಟ್ಟಿಗೆಯನ್ನು ಬರಿದು ಮಾಡಿವೆ. ಇನ್‌ಸ್ಪೆಕ್ಟರ್ ಬಂದರೆ ಪುಸ್ತಕ ನೋಡುವ ಮೊದಲು ಮಾಮೂಲಿಗೆ ಕೈ ಚಾಚುವುದೂ ಉಂಟು. ಪಿಎಫ್ ಎಂದರೆ "ನನಗೆ ಬೇಡ, ಕೈಗೇ ಕೊಡಿ" ಎನ್ನುವ ಕೆಲಸಗಾರರೂ ಇದ್ದಾರೆ. ಇದೆಲ್ಲ ಸತ್ಯ. ಆದರೆ ಇವುಗಳಲ್ಲಿ ಯಾವುದೂ ಒಂದು ಹಾಳೆಯ ಮೇಲೆ ಹುಡುಗನ ಹೆಸರು, ಸೇರಿದ ತಾರೀಖು, ಸಂಬಳ ಬರೆದುಕೊಡುವುದನ್ನು ತಡೆಯುವುದಿಲ್ಲ. ಅದಕ್ಕೆ ತಗಲುವ ಖರ್ಚು ಎರಡು ರೂಪಾಯಿ. ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡವಿರಬೇಕೆಂಬ ಕಾನೂನು 2024ರಲ್ಲಿ ಬಿಗಿಯಾದಾಗ ಸಾವಿರಾರು ಖರ್ಚು ಮಾಡಿ ಬೋರ್ಡು ಬದಲಿಸಿದವರು ನಾವೇ. ಒಳ್ಳೆಯದೇ ಆಯಿತು. ಹೊರಗಿನವರ ಕಣ್ಣಿಗೆ ಬೀಳುವ ಕಾನೂನನ್ನು ಪಾಲಿಸಿದೆವು. ಬೋರ್ಡಿನ ಕೆಳಗೆ ನಿಂತ ಹುಡುಗನ ಹೆಸರನ್ನು ಮಾತ್ರ ಯಾವ ಭಾಷೆಯಲ್ಲೂ ಬರೆಯಲಿಲ್ಲ.

2006ರ ಸಾಚಾರ್ ವರದಿಯನ್ನು ನಾವು ಪ್ರತಿ ಸಮ್ಮೇಳನದಲ್ಲಿ ಎತ್ತಿ ಹಿಡಿಯುತ್ತೇವೆ. ಸರ್ಕಾರಿ ನೌಕರಿಯಲ್ಲಿ ಮುಸಲ್ಮಾನರು ಎಷ್ಟು ಕಡಿಮೆ ಎಂಬ ಪುಟವನ್ನು ಓದಿ ಹೇಳುತ್ತೇವೆ. ಸರಿಯೇ. ಆದರೆ ಅದೇ ವರದಿಯಲ್ಲಿ, ಲಿಖಿತ ಒಪ್ಪಂದವಿಲ್ಲದೆ, ಸಾಮಾಜಿಕ ಭದ್ರತೆಯಿಲ್ಲದೆ ದುಡಿಯುವ ಮುಸ್ಲಿಂ ಕೆಲಸಗಾರರ ಮಾತೂ ಇದೆ. ಆ ಪುಟವನ್ನು ವೇದಿಕೆಯಲ್ಲಿ ಓದಿದ್ದನ್ನು ನಾವು ಕೇಳಿಲ್ಲ. ಏಕೆಂದರೆ ಆ ಒಪ್ಪಂದ ಬರೆದುಕೊಡಬೇಕಾಗಿದ್ದವರಲ್ಲಿ ಎಷ್ಟೋ ಮಂದಿ ಅದೇ ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡು ಕುಳಿತಿರುತ್ತಾರೆ. ಸರ್ಕಾರದಿಂದ ನ್ಯಾಯ ಕೇಳುವ ನಾಲಿಗೆಗೆ ಬಲ ಬರಬೇಕಾದರೆ, ನಮ್ಮ ಕೈಕೆಳಗಿನವರಿಗೆ ನಾವು ನ್ಯಾಯ ಕೊಟ್ಟಿರಬೇಕು.

ಇದನ್ನು ಜುಮಾದ ಖುತ್ಬಾದಲ್ಲಿ ಹೇಳಬೇಕಲ್ಲವೆ ಎಂದು ನಾವು ಒಬ್ಬ ಇಮಾಮರನ್ನು ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೇ ನೇಮಕಾತಿ ಪತ್ರ ಕೊಟ್ಟಿಲ್ಲ, ಸಾಹೇಬ್. ಕಮಿಟಿಯವರಿಗೆ ಬೇಸರವಾದರೆ ನಾಳೆ ಫಜರ್‌ಗೆ ಬೇರೊಬ್ಬರು ನಿಂತಿರುತ್ತಾರೆ" ಎಂದರು. ವಕ್ಫ್ ಮಂಡಳಿಗಳ ಆಡಳಿತದ ಮಸೀದಿಗಳ ಇಮಾಮರಿಗೆ ವೇತನ ಕೊಡುವ ವ್ಯವಸ್ಥೆಯಾಗಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದು 1993ರಲ್ಲಿ. ನಮ್ಮನ್ನು ಸಾಲಾಗಿ ನಿಲ್ಲಿಸುವವರಿಗೇ ನಾವು ಕಾಗದ ಕೊಟ್ಟಿಲ್ಲ. ಹೀಗಿರುವಾಗ ಬನ್ನು ಸುಡುವ ಹುಡುಗನ ಪರವಾಗಿ ಅವರು ಬಾಯಿ ತೆರೆಯುವುದು ಹೇಗೆ?

ಆದ್ದರಿಂದ ಕೆಲಸ ಮಸೀದಿಯಿಂದಲೇ ಶುರುವಾಗಲಿ. ಪ್ರತಿಯೊಂದು ಜಮಾಅತ್ ತನ್ನ ಇಮಾಮ್, ಮುಅಝ್ಝಿನ್, ಮದ್ರಸಾದ ಉಸ್ತಾದರಿಗೆ ನೇಮಕಾತಿ ಪತ್ರ ಕೊಡಲಿ, ಸಂಬಳವನ್ನು ಬ್ಯಾಂಕಿಗೆ ಹಾಕಲಿ. ಆಮೇಲೆ ಊರಿನ ನಮ್ಮ ಅಂಗಡಿಯವರನ್ನು ಕರೆದು ಒಂದು ಸಂಜೆ ಕೂರಿಸಲಿ. ಕಾರ್ಮಿಕ ಇಲಾಖೆಯವರನ್ನೋ ಒಬ್ಬ ವಕೀಲರನ್ನೋ ಕರೆಸಿ ಕನ್ನಡದಲ್ಲಿ, ಉರ್ದುವಿನಲ್ಲಿ ವಿಷಯ ತಿಳಿಸಲಿ. ಹಾಜರಿ ಪುಸ್ತಕ, ಸಂಬಳ ಚೀಟಿ, ನೇಮಕಾತಿ ಪತ್ರದ ನಮೂನೆಗಳನ್ನು ಅಲ್ಲೇ ಹಂಚಲಿ. ಕೆಲಸಗಾರರ ಅಪಘಾತದ ಪಂಚಾಯಿತಿಗಳನ್ನು ಮಸೀದಿಯ ಕೋಣೆಯಲ್ಲಿ ಮಾಡುವುದನ್ನು ಮಾತ್ರ ನಿಲ್ಲಿಸಲಿ. ರಾಜಿ ಮಾಡಿಸುವುದು ಪುಣ್ಯದ ಕೆಲಸ. ಆದರೆ ಬಡವನ ಹಕ್ಕನ್ನು ಕಡಿಮೆ ಬೆಲೆಗೆ ಮಾರಿಸುವುದು ರಾಜಿಯಲ್ಲ. ಅಳತೆಯಲ್ಲಿ ಮೋಸ ಮಾಡುವವರನ್ನು ಶಪಿಸುವ ಒಂದು ಸೂರಾವೇ ಕುರ್‌ಆನಿನಲ್ಲಿದೆ. ಅದು ತಕ್ಕಡಿ ಹಿಡಿದವರಿಗೆ ಮಾತ್ರವಲ್ಲ, ತೀರ್ಪು ಹಿಡಿದವರಿಗೂ ಅನ್ವಯಿಸುತ್ತದೆ.

ಕೊನೆಯದಾಗಿ ನಮ್ಮ ಸಹಿಯ ಬಗ್ಗೆ. ಪರಿಹಾರದ ಹಕ್ಕನ್ನು ಬಿಟ್ಟುಕೊಟ್ಟಿದ್ದೇನೆಂದು ಕೆಲಸಗಾರ ಬರೆದುಕೊಟ್ಟರೂ ಆ ಒಪ್ಪಂದ ನಡೆಯುವುದಿಲ್ಲ ಎಂದು 1923ರ ಕಾಯ್ದೆಯ 17ನೇ ಕಲಮು ಹೇಳುತ್ತದೆ. ಅಂದರೆ ಆ ಛಾಪಾ ಕಾಗದದಲ್ಲಿ 'ಹಕ್ಕಿಲ್ಲ' ಎಂಬ ಸಾಲು ಬರಿಯ ಮಸಿ. ಆದರೆ ಅದರ ಮೇಲಿನ ಸಾಲುಗಳಿವೆಯಲ್ಲ: ಅವನ ಹೆಸರು, ಬೇಕರಿಯ ಹೆಸರು, ಆರು ವರ್ಷ, ಹನ್ನೆರಡು ಸಾವಿರ. ಆ ಸಾಲುಗಳಿಗೆ ಸೇಠರ ಸಹಿ ಇದೆ, ನಮ್ಮ ಸಾಕ್ಷಿ ಇದೆ. ಅವನನ್ನು ಬರಿಗೈಯಲ್ಲಿ ಕಳಿಸಲು ನಾವು ಬರೆದ ಕಾಗದವೇ ಈಗ ಅವನ ನೇಮಕಾತಿ ಪತ್ರ.

ಅರ್ಜಿ ಹಾಕಲು ಕಾಯ್ದೆ ಎರಡು ವರ್ಷಗಳ ಕಾಲ ಕೊಟ್ಟಿದೆ. ಅದು ಇನ್ನೂ ಮುಗಿದಿಲ್ಲ. ಅಂಗವಿಕಲರಿಗೂ ಕಾರ್ಖಾನೆ ಕೆಲಸಗಾರರಿಗೂ ಬಡವರಿಗೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರು ಉಚಿತವಾಗಿ ಸಿಗುತ್ತಾರೆ. ನಾವು ಆ ಹುಡುಗನ ಹಳ್ಳಿಗೆ ಹೋಗಿ ಬಂದಿದ್ದೇವೆ. ಇದನ್ನು ಅವನಿಗೂ ಅವನ ತಾಯಿಗೂ ತಿಳಿಸಿದ್ದೇವೆ, ಸೇಠರಿಗೂ ಮುಖಕ್ಕೇ ತಿಳಿಸಿದ್ದೇವೆ. ಅವರು ನಮ್ಮೊಂದಿಗೆ ಮಾತು ಬಿಟ್ಟಿದ್ದಾರೆ. ಕಮಿಟಿಯವರು ಇನ್ನು ಪಂಚಾಯಿತಿಗೆ ನಮ್ಮನ್ನು ಕರೆಯಲಾರರು. ಆದರೂ ಆಯುಕ್ತರು ಕರೆದ ದಿನ ನಾವು ಹೋಗುತ್ತೇವೆ. ಕರೆದಾಗ ಸಾಕ್ಷಿಗಳು ಹಿಂಜರಿಯಬಾರದೆಂದು ಆ ದೀರ್ಘ ವಚನದಲ್ಲೇ ಬರೆದಿದೆಯಲ್ಲ.